ಶಾಲಿಗಿಲ್ಲದ ಅಳತೆ ಸ್ವೆಟರಿಗೇಕೆ?

ಸನ್ಮಾನ ಸಮಾರಂಭಗಳಲ್ಲಿ ಗಣ್ಯರಿಗೆ ಶಾಲು ಹೊದಿಸುವುದನ್ನು ನೀವೆಲ್ಲ ನೋಡಿದ್ದೀರಿ. ಮಂಗಳೂರಿನ ಪುರಭವನವಿರಲಿ, ಹಳ್ಳಿಯ ಶಾಲೆಯ ವಾರ್ಷಿಕೋತ್ಸವವಿರಲಿ, ಶಾಲು ತರಲು ಅಂಗಡಿಗೆ ಹೋದ ಕಾರ್ಯದರ್ಶಿ ಅತಿಥಿಗಳ ಎದೆಯ ಸುತ್ತಳತೆ ಎಷ್ಟೆಂದು ಕೇಳಿದ್ದುಂಟೆ? ಕೃಶಕಾಯರಿಗೂ ಸ್ಥೂಲಕಾಯರಿಗೂ ಒಂದೇ ಶಾಲು ಒಪ್ಪುತ್ತದೆ. ಆದರೆ ಅದೇ ಅತಿಥಿಗೆ ಸ್ವೆಟರ್ ಕೊಡುವುದೆಂದು ಸಮಿತಿ ತೀರ್ಮಾನಿಸಿದರೆ ಕಾರ್ಯದರ್ಶಿಗೆ ಪೇಚಾಟ ಶುರುವಾಗುತ್ತದೆ. ಎರಡೂ ಒಂದೇ ಆಡಿನ ಉಣ್ಣೆಯಿಂದ ಆಗಿದ್ದರೂ ಈ ಪೇಚಾಟ ತಪ್ಪದು. ಹಾಗಾದರೆ ಅಳತೆ ಎಂಬುದು ಬಟ್ಟೆಯೊಳಗೆ ಯಾವಾಗ, ಹೇಗೆ ಸೇರಿಕೊಂಡಿತು?

ನಮ್ಮ ಭಾಷೆಯೇ ಇದಕ್ಕೆ ಅರ್ಧ ಉತ್ತರ ಹೇಳುತ್ತದೆ. ಸೀರೆಯನ್ನು, ಪಂಚೆಯನ್ನು ಉಡುತ್ತೇವೆ. ಶಾಲು, ಕಂಬಳಿ ಹೊದೆಯುತ್ತೇವೆ. ಅಂಗಿಯನ್ನು ಮಾತ್ರ ತೊಡುತ್ತೇವೆ. ಉಡುವ ಮತ್ತು ಹೊದೆಯುವ ಬಟ್ಟೆಗೆ ಉದ್ದ, ಅಗಲ ಇದ್ದರೆ ಸಾಕು. ಮೈಗೆ ಹೊಂದಿಸುವ ಕೆಲಸವನ್ನು ಉಟ್ಟವರ ಕೈಯೇ ನೆರಿಗೆ ಹಿಡಿದು, ಸೆರಗು ಎಳೆದು ಮಾಡುತ್ತದೆ. ಸೆಕೆಯ ನಾಡಾದ ನಮ್ಮ ಕರಾವಳಿಯಲ್ಲಿ ಬಹುಕಾಲ ಇದೇ ಹೆಚ್ಚು ರೂಢಿ. ಹೊಲಿದ ಬಟ್ಟೆ ಇರಲೇ ಇಲ್ಲವೆಂದಲ್ಲ; ಕುಪ್ಪಸವಿತ್ತು, ಅಂಗಿಯಿತ್ತು. ಆದರೆ ಅವು ಒಬ್ಬೊಬ್ಬರ ಮೈ ನೋಡಿ ಹೊಲಿದವು. ಯಾರೋ ಕಾಣದ ಊರಿನಲ್ಲಿ, ಕಾಣದ ಮೈಗೆ ಅಂದಾಜು ಹಾಕಿ ತಯಾರಿಸಿದ ಉಡುಪು ಬಂದದ್ದು ತೀರ ಈಚೆಗೆ.

ಈ ಬದಲಾವಣೆಯ ಒಂದು ಕೊಂಡಿ ಮಂಗಳೂರಿನಲ್ಲೇ ಇದೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಮುಂದಿನ ದಶಕದಲ್ಲಿ ನೇಯ್ಗೆಯ ಕಾರ್ಯಾಗಾರವನ್ನು ಆರಂಭಿಸಿತು. ನೇಯ್ಗೆಯಲ್ಲಿ ಪರಿಣತನಾದ ಹಾಲರ್ 1851ರಲ್ಲಿ ಬಂದ ಮೇಲೆ ಯುರೋಪಿನ ಮಾದರಿಯ ಮಗ್ಗಗಳೂ ಬಣ್ಣಗಾರಿಕೆಯೂ ಸುಧಾರಿಸಿದವು. ಖಾಕಿ ಬಣ್ಣದ ಜನ್ಮಸ್ಥಳ ಮಂಗಳೂರು ಎಂದು ನಮ್ಮವರು ಅಭಿಮಾನದಿಂದ ಹೇಳುವುದು ಈ ಹಾಲರನನ್ನು ನೆನೆದೇ. ಅಭಿಮಾನ ಸರಿ, ಆದರೆ ಪೂರ್ತಿ ಸತ್ಯ ಇಷ್ಟು ಸರಳವಲ್ಲ. ಪೇಶಾವರದ ಕಡೆಯ ಗೈಡ್ಸ್ ದಳಕ್ಕೆ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ಧೂಳು ಬಣ್ಣದ ಸಮವಸ್ತ್ರ ತೊಡಿಸಿದ್ದು 1840ರ ದಶಕದಲ್ಲೇ. 'ಖಾಕ್' ಎಂದರೆ ಧೂಳು ಎಂಬುದೂ ಪಾರ್ಸಿ ಮಾತು. ಮಂಗಳೂರಿನ ಹೆಗ್ಗಳಿಕೆಯನ್ನು ಬಣ್ಣದ ಕಲ್ಪನೆಗಿಂತ, ತೊಳೆದರೂ ಬಾಳುವ ಬಟ್ಟೆಯನ್ನು ನೇಯ್ದು ಬಣ್ಣ ಹಾಕಿದ ಕೈಗಳಲ್ಲಿ ಹುಡುಕುವುದು ಉಚಿತ.

ನಮ್ಮ ವಿಷಯಕ್ಕೆ ಇದು ಹೇಗೆ ಸಂಬಂಧ ಎಂದರೆ, ಸಮವಸ್ತ್ರವೇ ಸೈಜಿನ ತವರು. ಸಾವಿರಾರು ಸೈನಿಕರಿಗೆ ತಿಂಗಳೊಪ್ಪತ್ತಿನಲ್ಲಿ ಕೋಟು ಒದಗಿಸಬೇಕಾದಾಗ ದರ್ಜಿ ಒಬ್ಬೊಬ್ಬನನ್ನೂ ನಿಲ್ಲಿಸಿ ಟೇಪು ಹಿಡಿಯಲಾರ. 1861ರಿಂದ 65ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಅಳತೆಗಳನ್ನು ಕಲೆಹಾಕಿದಾಗ ಕೆಲವು ಅಳತೆಗಳು ಮತ್ತೆ ಮತ್ತೆ ಬರುವುದು ಕಂಡಿತು. ಎದೆಯ ಸುತ್ತಳತೆ ಇಷ್ಟಿದ್ದವನಿಗೆ ತೋಳು ಸುಮಾರು ಇಷ್ಟು ಉದ್ದ, ಸೊಂಟ ಇಷ್ಟು ಎಂದು ಊಹಿಸಬಹುದೆಂಬ ಆ ಲೆಕ್ಕದ ಮೇಲೆಯೇ ಗಂಡಸರ ಸಿದ್ಧ ಉಡುಪಿನ ಉದ್ಯಮ ನಿಂತಿತು. 'ಸುಮಾರು' ಎಂಬ ಪದವನ್ನು ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಂತಾಗ ನಿಮ್ಮನ್ನು ಕಾಡುವುದು ಅದೇ.

ಈಗ ಸ್ವೆಟರಿಗೆ ಬರೋಣ. ನೇಯ್ಗೆ ಬೇರೆ, ಹೆಣಿಗೆ ಬೇರೆ. ಮಗ್ಗದಲ್ಲಿ ಹಾಸು ನೂಲೂ ಹೊಕ್ಕು ನೂಲೂ ನೇರವಾಗಿ ಒಂದನ್ನೊಂದು ಅಡ್ಡಹಾಯುತ್ತವೆ. ಆ ಬಟ್ಟೆ ಎಳೆದರೆ ಹೆಚ್ಚು ಹಿಗ್ಗದು. ಹೆಣಿಗೆಯಲ್ಲಿ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ನೂಲು ಹಿಗ್ಗಬೇಕಾಗಿಲ್ಲ, ಕುಣಿಕೆಯ ಆಕಾರ ಬದಲಾದರೆ ಸಾಕು. ಬಿಟ್ಟಾಗ ಅದು ಬಹುಮಟ್ಟಿಗೆ ಮರಳಿ ಬರುತ್ತದೆ. ದರ್ಜಿ ಹೊಲಿದ ಕೋಟು ಮೈಗೆ ಕರಾರುವಾಕ್ಕಾಗಿ ಇರಬೇಕು, ಸ್ವೆಟರ್ ಒಂದಿಷ್ಟು ಉದಾರಿ ಎನ್ನುವುದರ ಗುಟ್ಟು ಇದೇ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದ. ಕೈಹೆಣಿಗೆಯವರ ಅನ್ನಕ್ಕೆ ಕಲ್ಲು ಬಿದ್ದೀತೆಂದು ರಾಣಿ ಒಂದನೆಯ ಎಲಿಜಬೆತ್ ಅವನಿಗೆ ಹಕ್ಕುಪತ್ರ ಕೊಡಲಿಲ್ಲ ಎಂಬ ಕಥೆ ಪ್ರಸಿದ್ಧ. ಆ ಬಗೆಯ ಚೌಕಟ್ಟು ಯಂತ್ರ 1771ರಲ್ಲಿ ಸ್ಕಾಟ್ಲೆಂಡಿನ ಹಾವಿಕ್ ಎಂಬ ಸಣ್ಣ ಊರಿಗೆ ಬಂತು. ಆ ಊರು ಮೊದಲು ಕಾಲುಚೀಲಕ್ಕೆ, ಬಳಿಕ ಒಳಉಡುಪಿಗೆ, ಕೊನೆಗೆ ಕ್ಯಾಶ್ಮೀರ್ ಸ್ವೆಟರಿಗೆ ಹೆಸರಾಯಿತು.

ಕ್ಯಾಶ್ಮೀರ್ ಎಂಬುದು ನಮ್ಮ ಕಾಶ್ಮೀರದ ಹೆಸರೇ. ಉಣ್ಣೆ ಮಾತ್ರ ಬಹುಪಾಲು ಕಾಶ್ಮೀರ ಕಣಿವೆಯದಲ್ಲ. ಲಡಾಖಿನ ಚಾಂಗ್‌ಥಾಂಗ್, ಟಿಬೆಟ್, ಮಂಗೋಲಿಯಾಗಳ ಕಡುಚಳಿಯಲ್ಲಿ ಬದುಕುವ ಆಡುಗಳ ಒರಟು ಕೂದಲಿನ ಅಡಿಯಲ್ಲಿ ಬೆಳೆಯುವ ನವಿರಾದ ಒಳಉಣ್ಣೆ. ಅದರ ಎಳೆಯ ದಪ್ಪ ಸರಾಸರಿ 19 ಮೈಕ್ರಾನಿಗಿಂತ ಹೆಚ್ಚಿರಬಾರದು ಎಂಬುದು ವ್ಯಾಪಾರದ ಕಟ್ಟಳೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಒಂದು ಆಡಿನಿಂದ ವರ್ಷಕ್ಕೆ ಸಿಗುವ ಶುದ್ಧ ಒಳಉಣ್ಣೆ ಇನ್ನೂರು ಗ್ರಾಮಿನೊಳಗೇ. ಒರಟು ಕೂದಲನ್ನು ಕೈಯಿಂದ ಹೆಕ್ಕಿ ಬೇರ್ಪಡಿಸುವುದು ಪ್ರಯಾಸದ ಕೆಲಸ. ಆದ್ದರಿಂದ ಶತಮಾನಗಳ ಕಾಲ ಅದು ಅರಸರ, ಶ್ರೀಮಂತರ ಶಾಲಾಗಿಯೇ ಉಳಿಯಿತು. ಅಕ್ಬರನಿಗೆ ಶಾಲಿನ ಮೇಲೆ ಬಹಳ ಮೋಹವಿದ್ದುದನ್ನು 'ಆಯಿನ್-ಇ-ಅಕ್ಬರಿ' ದಾಖಲಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜೋಸೆಫ್ ಡಾಸನ್ ಎಂಬವನು ಈ ಹೆಕ್ಕುವ ಕೆಲಸಕ್ಕೆ ಯಂತ್ರ ರೂಪಿಸಿದ ಮೇಲೆ ಆ ಉಣ್ಣೆ ಬ್ರಿಟನ್ನಿನ ಹೆಣಿಗೆ ಯಂತ್ರಗಳಿಗೆ ಧಾರಾಳವಾಗಿ ಸಿಗತೊಡಗಿತು.

ಹೊದೆಯುವ ಶಾಲು ತೊಡುವ ಸ್ವೆಟರಾದದ್ದು ಹೀಗೆ, ಅಳತೆಯ ತಕರಾರು ಹುಟ್ಟಿದ್ದೂ ಆಗಲೇ. ಇಷ್ಟು ದುಬಾರಿ ಬಟ್ಟೆಯನ್ನು ಕತ್ತರಿಸಿ ಚೂರು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? 1864ರಲ್ಲಿ ವಿಲಿಯಂ ಕಾಟನ್ ಹಕ್ಕುಪತ್ರ ಪಡೆದ ಯಂತ್ರ ಇಲ್ಲಿ ನೆರವಿಗೆ ಬಂತು. ಅದು ಹೆಣೆಯುತ್ತಲೇ ಅಂಚಿನಲ್ಲಿ ಕುಣಿಕೆಗಳನ್ನು ಕಡಿಮೆ ಮಾಡುತ್ತ, ಹೆಚ್ಚಿಸುತ್ತ ಭುಜ, ತೋಳುಗಳ ಆಕಾರವನ್ನು ತರಬಲ್ಲದು. ಕತ್ತರಿ ಬೇಕಿಲ್ಲ. ಒಳ್ಳೆಯ ಸ್ವೆಟರಿನ ಕಂಕುಳ ಬಳಿ ಓರೆಯಾಗಿ ಸಾಗುವ ಪುಟ್ಟ ಗುರುತುಗಳ ಸಾಲನ್ನು ಕಂಡರೆ ಅದೇ ಈ ಕೆಲಸದ ಸಹಿ. ಆದರೆ ಇದರಲ್ಲಿ ಒಂದು ತೊಡಕಿದೆ. ನಮ್ಮ ಟೈಲರ್ ಬಳಿ ತಾಯಂದಿರು "ಬೆಳೆಯುವ ಮಗು, ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿಯಿರಿ" ಎನ್ನುತ್ತಾರಲ್ಲ, ಆ ಅವಕಾಶ ಇಲ್ಲಿಲ್ಲ. ಒಳಗೆ ಬಿಟ್ಟ ಬಟ್ಟೆಯೇ ಇಲ್ಲ. ಒಂದು ಕುಣಿಕೆ ಕತ್ತರಿಸಿದರೆ ಸಾಲು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೊಳ್ಳುವಾಗಿನ ಆಯ್ಕೆಯೇ ಕೊನೆಯ ಮಾತು.

ಆ ಆಯ್ಕೆಗೆ ಅಂಗಡಿ ಕೊಡುವುದು ಎಸ್, ಎಂ, ಎಲ್ ಎಂಬ ಅಕ್ಷರ. ಮಧ್ಯಮ ಎಂದರೆ ಯಾರ ಮಧ್ಯಮ? ಹೆಂಗಸರ ಉಡುಪಿನ ಸೈಜುಗಳಿಗೆ ವೈಜ್ಞಾನಿಕ ತಳಹದಿ ಕೊಡಲು ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಮಹಿಳೆಯರ ಅಳತೆ ತೆಗೆಸಿ 1941ರಲ್ಲಿ ವರದಿ ಪ್ರಕಟಿಸಿತು. ಲೆಕ್ಕಕ್ಕೆ ಸೇರಿದ್ದು ಬಿಳಿಯ ಮಹಿಳೆಯರ ಅಳತೆ ಮಾತ್ರ. 1958ರಲ್ಲಿ ಹೊರಬಂದ ಅಲ್ಲಿನ ಸೈಜಿನ ಕಟ್ಟಳೆಗೆ ಇದೇ ಬುನಾದಿ. 1983ರಲ್ಲಿ ಆ ಕಟ್ಟಳೆಯನ್ನೂ ಹಿಂತೆಗೆದುಕೊಂಡರು. ಆಮೇಲೆ ಒಂದೊಂದು ಕಂಪೆನಿಯ 'ಎಂ' ಒಂದೊಂದು ಬಗೆ. ಮಂಗಳೂರಿನ ಹುಡುಗಿಗೆ ಆ ಎಂ ಭುಜದಲ್ಲಿ ಜಾರಿ ತೋಳಿನಲ್ಲಿ ಉದ್ದವಾದರೆ ದೋಷ ಅವಳ ಮೈಯದಲ್ಲ. ಅವಳಂಥವರನ್ನು ಆ ಲೆಕ್ಕದಲ್ಲಿ ಎಣಿಸಿರಲೇ ಇಲ್ಲ. ಭಾರತೀಯರಿಗೇ ಆದ ಸೈಜಿನ ಪಟ್ಟಿಗಾಗಿ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ ಕೈಗೆತ್ತಿಕೊಂಡ ಯೋಜನೆಯಲ್ಲಿ ಆರು ನಗರಗಳ 25,000 ಜನರನ್ನು ಯಂತ್ರದಿಂದ ಅಳೆಯುವ ಗುರಿಯಿಟ್ಟದ್ದು ಈ ಶತಮಾನದ ಎರಡನೆಯ ದಶಕದ ಕೊನೆಗೆ. ಆ ಆರರಲ್ಲಿ ಬೆಂಗಳೂರೂ ಒಂದು.

ಅಲ್ಲಿಯವರೆಗೆ ನಮ್ಮಲ್ಲಿ ಅಂಕಿ ಹೊತ್ತು ಬಂದ ಹೆಣಿಗೆಯ ಉಡುಪು ಒಂದಿದೆ, ಅದು ಬನಿಯನ್. ಆ ಹೆಸರು ಬನಿಯಾ ವರ್ತಕರಿಂದ ಬಂದದ್ದು. ಹಿಂದೆ ಯುರೋಪಿಯನ್ನರು ಮನೆಯಲ್ಲಿ ತೊಡುತ್ತಿದ್ದ ಸಡಿಲ ನಿಲುವಂಗಿಗೆ ಆ ಹೆಸರಿತ್ತು, ಈಗ ಮೈಗಂಟುವ ಒಳಉಡುಪಿಗಿದೆ. ಬನಿಯನ್ ಮೇಲಿನ 85, 90, 95 ಎಂಬ ಅಂಕಿ ತೊಡುವವರ ಎದೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ವಿದ್ಯಾರ್ಥಿಗಳೇ, ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. 90ರ ಬನಿಯನನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಕಂಕುಳಿನಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಸಾಮಾನ್ಯವಾಗಿ 90ಕ್ಕಿಂತ ಕಡಿಮೆ ಬರುತ್ತದೆ. ಉಳಿದದ್ದನ್ನು ಕುಣಿಕೆಗಳು ಹಿಗ್ಗಿ ತುಂಬಿಕೊಡುತ್ತವೆ. ಸ್ವೆಟರಿಗೆ ಇದೇ ಅಳತೆ ಹಿಡಿಯಬೇಕು, ಆದರೆ ಲೆಕ್ಕ ತಿರುಗುಮುರುಗು. ಒಳಗೆ ಅಂಗಿ ಇರುವುದರಿಂದ ಅದು ಎದೆಯ ಸುತ್ತಳತೆಗಿಂತ ಐದರಿಂದ ಹತ್ತು ಸೆಂಟಿಮೀಟರ್ ಹೆಚ್ಚೇ ಇರಬೇಕು. ಕ್ಯಾಶ್ಮೀರ್ ನೂಲು ಮೆತ್ತಗಿನದು. ಬಿಗಿಯಾದ ಸ್ವೆಟರ್ ಸದಾ ಹಿಗ್ಗಿಯೇ ಇದ್ದರೆ ಮೊಣಕೈಯಲ್ಲಿ ಜೋಲುತ್ತದೆ, ಕಂಕುಳಲ್ಲಿ ಉಜ್ಜಿ ಗಂಟು ಗಂಟಾಗುತ್ತದೆ.

ದೆಹಲಿಗೋ ಜರ್ಮನಿಗೋ ಓದಲು ಹೋಗುವ ಮಕ್ಕಳಿಗೆ ನಮ್ಮೂರಲ್ಲಿ ಸ್ವೆಟರ್ ಕೊಳ್ಳುವಾಗ "ಎರಡು ಸೈಜ್ ದೊಡ್ಡದಿರಲಿ, ತೊಳೆದರೆ ಕುಗ್ಗುತ್ತದೆ" ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಅರ್ಧ ವಿಜ್ಞಾನವಿದೆ. ಉಣ್ಣೆಯ ಎಳೆಯ ಮೇಲೆ ಮೀನಿನಂತೆ ಹುರುಪೆಗಳಿವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ, ಮತ್ತೆ ಹಿಂದಕ್ಕೆ ಬಾರದು. ತಣ್ಣೀರಿನಲ್ಲಿ ಮೃದುವಾಗಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಒತ್ತಿ ನೀರು ತೆಗೆದರೆ ಕುಗ್ಗುವ ಭಯವಿಲ್ಲ. ಮಂಗಳೂರಿನ ಆಷಾಢದಲ್ಲಿ ಅಪಾಯ ಇದಕ್ಕೆ ತದ್ವಿರುದ್ಧ: ಒದ್ದೆ ಸ್ವೆಟರನ್ನು ಜಗಲಿಯ ಹಗ್ಗಕ್ಕೆ ನೇತುಹಾಕಿದರೆ ಎರಡು ದಿನವಾದರೂ ಒಣಗದು, ಅಷ್ಟರಲ್ಲಿ ನೀರಿನ ಭಾರಕ್ಕೆ ಕುಣಿಕೆಗಳು ಜಗ್ಗಿ ಎಂ ಇದ್ದದ್ದು ಉದ್ದದಲ್ಲಿ ಎಲ್ ಆಗಿರುತ್ತದೆ. ಫ್ಯಾನಿನ ಕೆಳಗೆ ಚಾಪೆಯ ಮೇಲೆ, ಮೊದಲೇ ಬರೆದಿಟ್ಟ ಅಗಲಕ್ಕೂ ಉದ್ದಕ್ಕೂ ಹೊಂದಿಸಿ ಹಾಸಿದರೆ ಹಾಗೇ ಒಣಗುತ್ತದೆ.