ಪಲಾಸಿಕೆಯ ಶಾಸನವೂ ಶ್ರಾವಕನ ಹಿತ್ತಲೂ

ಖಾನಾಪುರ ತಾಲೂಕಿನ ಹಲಸಿ ಇಂದು ಭೂವರಾಹ ನರಸಿಂಹ ದೇವಾಲಯದಿಂದ ಪ್ರಸಿದ್ಧವಾಗಿದೆ. ಐದು, ಆರನೆಯ ಶತಮಾನಗಳಲ್ಲಿ ಇದೇ ಊರು 'ಪಲಾಸಿಕಾ' ಎಂಬ ಹೆಸರಿನಿಂದ ಕದಂಬರ ಪ್ರಮುಖ ಪಟ್ಟಣವೂ ಜೈನಧರ್ಮದ ದೊಡ್ಡ ನೆಲೆಯೂ ಆಗಿತ್ತು. ಇಲ್ಲಿ ದೊರೆತ ತಾಮ್ರಶಾಸನಗಳು ಇದಕ್ಕೆ ಸಾಕ್ಷಿ. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಹೊಲವನ್ನಿತ್ತನು. ಮೃಗೇಶವರ್ಮನು ತಂದೆಯ ಪುಣ್ಯಾರ್ಥವಾಗಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ದತ್ತಿ ಬಿಟ್ಟನು. ಭಾನುವರ್ಮನು ಹುಣ್ಣಿಮೆಯ ಅಭಿಷೇಕಕ್ಕೆಂದು 15 ನಿವರ್ತನ ಭೂಮಿಯನ್ನು ಕೊಟ್ಟನು.

ಇವೆಲ್ಲಕ್ಕಿಂತ ವಿಶೇಷವಾದದ್ದು ರವಿವರ್ಮನ ಕಟ್ಟಳೆ. ಕಾರ್ತಿಕದಲ್ಲಿ ಎಂಟು ದಿನಗಳ ಜಿನಪೂಜೆ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕು ಎಂದು ಅವನು ವಿಧಿಸಿದನು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆ ಎಷ್ಟು ಬಿರುಸೆಂಬುದನ್ನು ಬಲ್ಲವರಿಗೆ ಈ ಕಟ್ಟಳೆಯ ಹೊಣೆ ಎಷ್ಟೆಂಬುದು ತಿಳಿದೀತು.

ಮಳೆಗಾಲದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ಅನೇಕ ಶ್ರಾವಕರು ಸೊಪ್ಪನ್ನು ತ್ಯಜಿಸುತ್ತಾರೆ. ಆದುದರಿಂದ ಚಾತುರ್ಮಾಸದ ಅಡುಗೆಮನೆ ಮಳೆಗಾಲದಲ್ಲಿ ಬೆಳೆದುದಕ್ಕಿಂತ ಅದಕ್ಕೆ ಮೊದಲು ಬೆಳೆದಿಟ್ಟುದನ್ನೇ ಹೆಚ್ಚಾಗಿ ನಂಬಿರುತ್ತದೆ. ರವಿವರ್ಮನ ಶಾಸನ ಯಾವ ಕಾಯಿಪಲ್ಲೆಯ ಹೆಸರನ್ನೂ ಹೇಳುವುದಿಲ್ಲ. ಆದರೂ ಆಷಾಢದ ದಾನಕ್ಕೆ ಮಾಘದಲ್ಲಿಯೇ ಬೀಜ ಬೀಳಬೇಕೆಂಬುದು ಈ ನೆಲದ ನಿಯಮ.

ಈ ಲೆಕ್ಕ ಸರಳವಾದುದು. ಬೆಳಗಾವಿಯ ಚಳಿ ರಥಸಪ್ತಮಿಯ ಹೊತ್ತಿಗೆ ಇಳಿಯತೊಡಗುತ್ತದೆ. ಅದಕ್ಕೆ ಮೊದಲು ಬಿತ್ತಿದ ಹೀರೆ, ಹಾಗಲಗಳ ಬೀಜ ತಂಪಿನಲ್ಲಿ ನಿಧಾನವಾಗಿ ಮೊಳೆಯುತ್ತದೆ. ಚಳಿ ಇಳಿದ ಮೇಲೆ ಬಿತ್ತಿದರೆ ಮೆಂತ್ಯ, ರಾಜಗಿರಿ ಸೊಪ್ಪು ಸುಮಾರು ಒಂದು ತಿಂಗಳಿಗೆ, ಬೆಂಡೆ, ಹೀರೆ, ಸವತೆ ಸುಮಾರು ಎರಡು ತಿಂಗಳಿಗೆ ಕೈಗೆ ಬರುತ್ತವೆ. ಅಲಸಂದೆಯ ಕಾಳು ಮೂರು ತಿಂಗಳಿಗೆ ಒಣಗುತ್ತದೆ. ಕುಂಬಳ ನಾಲ್ಕು ತಿಂಗಳೊಳಗೆ ಬಲಿತು ಮಳೆಗಾಲವಿಡೀ ಕೆಡದೆ ಉಳಿಯುತ್ತದೆ. ಚವಳಿಕಾಯಿಯನ್ನೂ ಹಾಗಲದ ಹೋಳುಗಳನ್ನೂ ಚೈತ್ರ, ವೈಶಾಖದ ಬಿಸಿಲು ಒಣಗಿಸಿಕೊಡುತ್ತದೆ. ಸಿಹಿಗುಂಬಳವೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದವು, ಕದಂಬರ ಕಾಲದಲ್ಲಿ ಇಲ್ಲಿರಲಿಲ್ಲ. ಬೆಳೆಗಳು ಬದಲಾದರೂ ಋತುವಿನ ಲೆಕ್ಕ ಬದಲಾಗಲಿಲ್ಲ.

ಬೆಳಗಾವಿ, ಖಾನಾಪುರದ ಹೊಲಗಳು ಗೆಣಸಿಗೆ ಹೆಸರಾದವು. ಆದರೆ ಕಂದಮೂಲಗಳು ಅನಂತಕಾಯವಾದುದರಿಂದ ಶ್ರಾವಕನ ಹಿತ್ತಲಿನಲ್ಲಿ ಅವುಗಳಿಗೆ ಎಡೆಯಿಲ್ಲ. ಬಳ್ಳಿಯಿಂದ ಕಾಯಿಯನ್ನು ಕೊಯ್ದರೆ ಬಳ್ಳಿ ಬದುಕಿರುತ್ತದೆ. ಗಡ್ಡೆಯನ್ನು ಕಿತ್ತರೆ ಗಿಡವೇ ಬುಡಮೇಲಾಗುತ್ತದೆ.

ನೆಲ ಅಗೆದರೆ ಹಿಂಸೆಯಲ್ಲವೇ ಎಂದು ಕೇಳುವವರುಂಟು. ಹಿಂಸೆ ಹೌದು. ಆದರೆ ಗೃಹಕೃತ್ಯದಲ್ಲಿ ತಪ್ಪದೆ ಒದಗುವ ಅದನ್ನು ಆಚಾರ್ಯರು ಆರಂಭೀ ಹಿಂಸೆಯೆಂದು ಕರೆದು, ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದರು. ಕೃಷಿಯು ಆದಿನಾಥನು ಬೋಧಿಸಿದ ಷಟ್ಕರ್ಮಗಳಲ್ಲೊಂದು. ಬೆಳಗಾವಿ ಜಿಲ್ಲೆಯ ಜೈನರಲ್ಲಿ ಬಹುಮಂದಿ ಇಂದಿಗೂ ಒಕ್ಕಲುತನದವರೇ. ಪೇಟೆಯ ಕಾಯಿಪಲ್ಲೆ ಕೊಂಡವನು ತಾನು ಅಗೆಯಲಿಲ್ಲವೆಂದು ಸಮಾಧಾನಪಡಬಹುದು. ಆದರೆ ಅದಕ್ಕೆ ಸಿಂಪಡಿಸಿದ ಕೀಟನಾಶಕದ ಪಾಪದಲ್ಲಿ ಅನುಮೋದನೆಯ ಪಾಲು ಅವನಿಗೂ ತಗಲುತ್ತದೆ. ಕಾಸರಗೋಡಿನ ಗೇರುತೋಟಗಳಲ್ಲಿ ಎಂಡೋಸಲ್ಫಾನ್ ಮಾಡಿದ ಅನಾಹುತ ಮನುಷ್ಯರನ್ನೂ ಬಿಡಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ತಡೆಯಬೇಕಾಯಿತು. ಮನೆಯ ಹಿತ್ತಲಿನಲ್ಲಾದರೆ ಹಗಲು ಬೆಳಕಿನಲ್ಲಿ ನೋಡಿ ಅಗೆಯಬಹುದು, ಸೋಸಿದ ನೀರೆರೆಯಬಹುದು, ಎಲೆಗೆ ಒಲೆಯ ಬೂದಿ ಉದುರಿಸಿ ಹುಳುಗಳನ್ನು ದೂರವಿಡಬಹುದು. ಅಷ್ಟಾದರೂ ಹುಳು ತಿಂದ ಕಾಯಿಯನ್ನು ಅದರ ಪಾಲೆಂದು ಬಿಟ್ಟುಬಿಡಬಹುದು.

ಕ್ರಿ.ಶ. 1204ರಲ್ಲಿ ವೇಣುಗ್ರಾಮವೆಂಬ ಬೆಳಗಾವಿಯಲ್ಲಿ, ರಟ್ಟ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ಜಿನಾಲಯಕ್ಕೂ ಭೂಮಿ ದತ್ತಿಯಾಯಿತು. ದಾನಿಗಳು ಹಣದ ಜೊತೆಗೆ ನೆಲವನ್ನೂ ಕೊಟ್ಟದ್ದು ನೆಲ ವರ್ಷ ವರ್ಷವೂ ಅನ್ನ ಕೊಡುವುದೆಂದು. ಇಂದು ಬಸದಿಗಳ ಸುತ್ತಲಿನ ನೆಲಕ್ಕೆ ಕಲ್ಲು ಹಾಸುವ ಮುನ್ನ ಟ್ರಸ್ಟಿನವರು ಈ ಶಾಸನಗಳನ್ನು ನೆನೆಯಬೇಕು. ನಾಲ್ಕು ಮಡಿ ಭೂಮಿಯನ್ನು ಉಳಿಸಿಕೊಂಡರೂ ಮಾಘದಲ್ಲಿ ಬಿತ್ತಿದ್ದು ಆಷಾಢದಲ್ಲಿ ಮುನಿಗಳ ಕರಪಾತ್ರೆಗೆ ಸಲ್ಲುತ್ತದೆ.