ಘಟ್ಟ ಇಳಿಯದೆ ಕೆಮಿಸ್ಟ್ರಿ

ಮಡಿಕೇರಿಯ ಸರ್ಕಾರಿ ಕಾಲೇಜಿನಲ್ಲಿ ಒಂದೇ ಮನೆಯ ಮೂರು ತಲೆಮಾರಿನವರು ಪದವಿ ಓದಿದ್ದಾರೆ ಎಂದುಕೊಳ್ಳಿ. ಅವರ ಸರ್ಟಿಫಿಕೇಟುಗಳನ್ನು ಒಟ್ಟಿಗೆ ಹರಡಿದರೆ ನಾಲ್ಕು ವಿಶ್ವವಿದ್ಯಾಲಯಗಳ ಮುದ್ರೆ ಕಾಣಬಹುದು. ಅಜ್ಜನದು ಮದ್ರಾಸು, ಅವರ ತಮ್ಮನದು ಮೈಸೂರು, ಅಪ್ಪನದು ಮಂಗಳೂರು, ಮೊಮ್ಮಗಳ ಅಂಕಪಟ್ಟಿಯಲ್ಲಿ ಕೊಡಗು. ಕಾಲೇಜು ಬೆಟ್ಟ ಬಿಟ್ಟು ಕದಲಿಲ್ಲ. ಅದನ್ನು ಆಳುವ ಊರು ಮಾತ್ರ ಬದಲಾಗುತ್ತಾ ಹೋಯಿತು.

ಇದರಲ್ಲಿ ಕೆಮಿಸ್ಟ್ರಿ ಓದುವವರ ಪಾಡು ಸ್ವಲ್ಪ ಬೇರೆ. ಇತಿಹಾಸವನ್ನೋ ಸಾಹಿತ್ಯವನ್ನೋ ಒಳ್ಳೆಯ ಪುಸ್ತಕವಿದ್ದರೆ ಮನೆಯಲ್ಲಿ ಕೂತೂ ಅಷ್ಟಿಷ್ಟು ಓದಿಕೊಳ್ಳಬಹುದು. ಕೆಮಿಸ್ಟ್ರಿಗೆ ನಲ್ಲಿ ಬೇಕು, ಗ್ಯಾಸು ಬೇಕು, ತಕ್ಕಡಿ, ಆಸಿಡ್ಡು, ಬ್ಯೂರೆಟ್ಟು ಬೇಕು, ಇಷ್ಟನ್ನೂ ಕಾಯುವ ಅಟೆಂಡರು ಬೇಕು. ಹಾಗಾಗಿ ಒಂದು ಸೀಮೆಯಲ್ಲಿ ಕಾಲೇಜು ಯಾವಾಗ ಬಂತು ಎನ್ನುವ ಪ್ರಶ್ನೆ ವಿಜ್ಞಾನದ ವಿದ್ಯಾರ್ಥಿಗೆ ಹೆಚ್ಚು ತಾಗುತ್ತದೆ.

ಕೊಡಗಿಗೆ ಅದು ಬಹಳ ತಡವಾಗಿ ಬಂತು. ಕಂಪನಿ ಸರ್ಕಾರ ಕೊಡಗನ್ನು ವಶ ಮಾಡಿಕೊಂಡದ್ದು 1834ರಲ್ಲಿ. ಕಾಫಿ ತೋಟಗಳೆದ್ದವು, ಬಂಗಲೆಗಳೆದ್ದವು, ಇಂಗ್ಲಿಷ್ ಶಾಲೆಗಳೂ ಬಂದವು. ಡಿಗ್ರಿ ಕಾಲೇಜು ಬರಲು 1949 ಆಗಬೇಕಾಯಿತು, ಅಂದರೆ 115 ವರ್ಷ. ಅಲ್ಲಿಯವರೆಗೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಮುಗಿಸಿದ ಹುಡುಗ ಘಟ್ಟ ಇಳಿಯಲೇಬೇಕಿತ್ತು. ಮಂಗಳೂರಿನಲ್ಲಿ 1880ರಿಂದ ಸೇಂಟ್ ಅಲೋಶಿಯಸ್ ಇತ್ತು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು, ದೂರದ ಮದ್ರಾಸಿನಲ್ಲಿ ಪ್ರೆಸಿಡೆನ್ಸಿ ಕಾಲೇಜು. ಮುಂದೆ ಫೀಲ್ಡ್ ಮಾರ್ಷಲ್ ಆದ ಕೆ.ಎಂ. ಕಾರ್ಯಪ್ಪನವರೂ ಮಡಿಕೇರಿಯ ಹೈಸ್ಕೂಲಿನಿಂದ ಹೋಗಿ ಸೇರಿದ್ದು ಪ್ರೆಸಿಡೆನ್ಸಿ ಕಾಲೇಜನ್ನೇ. ರೈಲು ಹತ್ತಲು ಜಿಲ್ಲೆಯ ಗಡಿ ದಾಟಬೇಕಿತ್ತು. ಇವತ್ತಿಗೂ ಹಾಗೆಯೇ, ಕೊಡಗಿಗೆ ರೈಲು ಬಂದಿಲ್ಲ. ಹಾಸ್ಟೆಲ್ಲಿನ ಖರ್ಚು ಕೊಡಬಲ್ಲ ಮನೆಯವರು ಕಳಿಸಿದರು. ಉಳಿದವರ ವಿಜ್ಞಾನ ಹೈಸ್ಕೂಲಿಗೇ ನಿಂತಿತು. ಹೆಣ್ಣುಮಕ್ಕಳ ಮಾತಂತೂ ಹೇಳುವುದೇ ಬೇಡ.

ಕಾರ್ಯಪ್ಪನವರು ಭಾರತೀಯ ಸೇನೆಯ ಮಹಾದಂಡನಾಯಕರಾದದ್ದು 1949ರ ಜನವರಿಯಲ್ಲಿ. ಅದೇ ವರ್ಷ ಮಡಿಕೇರಿಯ ಕಾಲೇಜು ಶುರುವಾಯಿತು, ಮದ್ರಾಸ್ ವಿಶ್ವವಿದ್ಯಾಲಯದ ಅಧೀನದಲ್ಲಿ. ಈಗ ಕಾಲೇಜಿಗೆ ಅವರದೇ ಹೆಸರು. ಎರಡು ವರ್ಷದ ನಂತರ, 1951ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸಿ.ಎನ್.ಆರ್. ರಾವ್ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದರು. ಆಗ ಅವರಿಗೆ ಹದಿನೇಳು ವರ್ಷ. ಆ ಕಾಲೇಜಿನ ಹಿಂದೆ ಆಗಲೇ ಮುಕ್ಕಾಲು ಶತಮಾನದ ಚರಿತ್ರೆ ಇತ್ತು. ಮಡಿಕೇರಿಗೆ ಎರಡೇ ವರ್ಷ. ಇಂಥ ಅಂತರ ಪ್ರತಿಭೆಯ ಲೆಕ್ಕದಲ್ಲಿ ಬರುವುದಿಲ್ಲ, ಬೀರುವಿನಲ್ಲಿರುವ ಗಾಜಿನ ಸಾಮಾನಿನ ಲೆಕ್ಕದಲ್ಲಿ ಬರುತ್ತದೆ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಕಾಲೇಜೂ ಮದ್ರಾಸನ್ನು ಬಿಟ್ಟು ಮೈಸೂರು ವಿಶ್ವವಿದ್ಯಾಲಯದ ಕಡೆಗೆ ಬಂತು. ಈ ಕಾಲದ ಒಂದು ಸಂಗತಿಯನ್ನು ಕೆಮಿಸ್ಟ್ರಿ ಓದುವ ಕೊಡಗಿನ ಮಕ್ಕಳಿಗೆ ಮೊದಲ ತರಗತಿಯಲ್ಲೇ ಹೇಳಬೇಕು ಎಂದು ನನಗನ್ನಿಸುತ್ತದೆ. ಕೊಡಗಿನ ಅಡುಗೆಮನೆಯಲ್ಲಿ ಕಾಚಂಪುಳಿಯ ಶೀಸೆ ಇರುತ್ತದಲ್ಲ, ಪಂದಿಕರಿಗೆ ಕೊನೆಯಲ್ಲಿ ಹಾಕುವ ಕಪ್ಪು ಹುಳಿ. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣಿನ ರಸ ಇಳಿಸಿ, ಗಟ್ಟಿಯಾಗುವವರೆಗೆ ಕುದಿಸಿ ಮಾಡಿದ್ದು, ವರ್ಷಗಟ್ಟಲೆ ಕೆಡುವುದಿಲ್ಲ. ಆ ಹಣ್ಣಿನ ಹುಳಿ ಸಿಟ್ರಿಕ್ ಆಸಿಡ್ಡೋ ಟಾರ್ಟಾರಿಕ್ ಆಸಿಡ್ಡೋ ಇರಬೇಕೆಂದು ರಸಾಯನಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. 1965ರಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ಎರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಎಂದು ತೋರಿಸಿದರು. ಸಿಟ್ರಿಕ್ ಆಸಿಡ್ಡಿಗೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ ಸೇರಿದರೆ ಅಣುವಿನಲ್ಲಿ ಎರಡು ಅಸಮಮಿತ ಕಾರ್ಬನ್‌ಗಳು ಹುಟ್ಟುತ್ತವೆ, ಅದರಿಂದ ನಾಲ್ಕು ರೂಪಗಳು ಸಾಧ್ಯ. ಪಣಪುಳಿಯಲ್ಲಿರುವುದು ಅವುಗಳಲ್ಲೊಂದು. ಡಿಗ್ರಿ ತರಗತಿಯ ಸ್ಟೀರಿಯೋಕೆಮಿಸ್ಟ್ರಿಗೆ ಇದಕ್ಕಿಂತ ಮನೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಇದೇ ಆಸಿಡ್ಡನ್ನು 1990ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಿದರು. 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸುಮ್ಮನೆ ಮಾತ್ರೆ ನುಂಗಿದವರಿಗೂ ಇದನ್ನು ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಂದಿ ಮಾಂಸದ ಜೊತೆ ತಿನ್ನುವವರಿಗೆ ಅದು ಮೊದಲೇ ಗೊತ್ತಿದ್ದೀತು.

ತೋಟದಲ್ಲೂ ಕೆಮಿಸ್ಟ್ರಿ ಇದೆ. ಕಾಫಿಯ ಎಲೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೀರು, ಮೈಲುತುತ್ತ, ಸುಣ್ಣ. ಸುಣ್ಣ ಸಾಕಾಯಿತೇ ಎಂದು ನೋಡಲು ಕತ್ತಿಯ ಅಲಗನ್ನು ಅದರೊಳಗೆ ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಗಾದರೆ ಇನ್ನೂ ಸುಣ್ಣ ಹಾಕಬೇಕು. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳುವ ಈ ಪಾಠ ಪಠ್ಯಪುಸ್ತಕದಲ್ಲಿ ಸಮೀಕರಣವಾಗಿ ಬರುವಾಗ, ತೋಟದ ಮಕ್ಕಳು ಅದನ್ನು ಎಷ್ಟೋ ಸಲ ಕಣ್ಣಾರೆ ನೋಡಿರುತ್ತಾರೆ.

ಆದರೆ ಪುಸ್ತಕ ಬರೆದವರು ಬಯಲುಸೀಮೆಯವರು ಅಥವಾ ಸಮುದ್ರ ತೀರದವರು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗೂ ಮೇಲಿದೆ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 96ಕ್ಕೇ ಕುದಿಯುತ್ತದೆ. ದ್ರವದ ಕುದಿಬಿಂದು ನೋಡಿ ಅದು ಯಾವುದೆಂದು ಹೇಳುವ ಪ್ರಯೋಗದಲ್ಲಿ ಈ ಮೂರು ನಾಲ್ಕು ಡಿಗ್ರಿ ಸಣ್ಣ ಮಾತಲ್ಲ. ಜೂನ್ ಹಿಡಿದರೆ ಮಳೆ. ಕ್ಯಾಲ್ಸಿಯಂ ಕ್ಲೋರೈಡಿನಂಥ ಲವಣ ಮುಚ್ಚಳ ತೆರೆದರೆ ಗಾಳಿಯ ನೀರನ್ನೆಲ್ಲ ಕುಡಿದು ಪಾಯಸವಾಗುತ್ತದೆ. ತೂಕದ ವಿಶ್ಲೇಷಣೆಗೆ ಇದಕ್ಕಿಂತ ದೊಡ್ಡ ಶತ್ರು ಬೇಡ.

1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಕೊಣಾಜೆಯಲ್ಲಿ 1968ರಿಂದ ಇದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಅದರ ಬುನಾದಿ. ಕೊಡಗು ಅದರ ವ್ಯಾಪ್ತಿಗೆ ಬಂತು. ಗೋಣಿಕೊಪ್ಪ, ವಿರಾಜಪೇಟೆಯ ಕಾವೇರಿ ಕಾಲೇಜುಗಳೂ ಅದರಡಿಗೆ ಬಂದವು. ಬಿ.ಎಸ್ಸಿ. ಮಟ್ಟಿಗೆ ಘಟ್ಟ ಇಳಿಯುವುದು ತಪ್ಪಿತು, ಆದರೆ ವಿಶ್ವವಿದ್ಯಾಲಯದ ಕಚೇರಿಯ ಕೆಲಸಕ್ಕೆ ಸಂಪಾಜೆ ದಾಟಿ ಸುಳ್ಯ, ಪುತ್ತೂರಿನ ಮೇಲೆ ಕೊಣಾಜೆಗೆ ಹೋಗಬೇಕಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಮುಚ್ಚಿದಾಗ, ವಿಶ್ವವಿದ್ಯಾಲಯ ಕುಸಿದ ರಸ್ತೆಯ ಆಚೆ ಕಡೆ ಉಳಿಯಿತು.

2023ರಲ್ಲಿ ಕುಶಾಲನಗರದ ಹತ್ತಿರದ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಆ ಹೊತ್ತಿಗೆ ಪಠ್ಯಕ್ರಮವೂ ಅಲುಗಾಡುತ್ತಿತ್ತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ಅದರ ಮೇಲೆ 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಹೇಳಿತು. ದುಡ್ಡಿಲ್ಲ ಎನ್ನುವುದು ಮುಖ್ಯ ಕಾರಣ. ಆ ಒಂಬತ್ತರಲ್ಲಿ ಕೊಡಗೂ ಒಂದು. ಜಿಲ್ಲೆಯಲ್ಲಿ ವಿರೋಧ ಎದ್ದಿತು.

ದುಡ್ಡಿಲ್ಲದ ವಿಶ್ವವಿದ್ಯಾಲಯದಿಂದ ಲ್ಯಾಬಿಗೆ ಬರುವುದೇನು ಎಂದು ಕೇಳುವವರ ಮಾತಿನಲ್ಲೂ ನ್ಯಾಯವಿದೆ. ಬ್ಯೂರೆಟ್ಟಿಗೆ ಯಾವ ಊರಿನ ಮುದ್ರೆಯಾದರೇನು, ಅಳತೆ ಅದೇ. ಆದರೆ ಅಂಕಪಟ್ಟಿಯಲ್ಲಿ ತಪ್ಪಾದ ಒಂದು ಅಕ್ಷರ ತಿದ್ದಿಸಲು ಹೊರಟ ಹುಡುಗಿಗೆ ಚಿಕ್ಕ ಅಳುವಾರವೆಂದರೆ ಅರ್ಧ ದಿನದ ಕೆಲಸ. ಕೊಣಾಜೆಯೆಂದರೆ ಒಂದಿಡೀ ದಿನ, ಮಳೆಗಾಲವಾದರೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಬೇಕು.