ಮಿಲಾನಿನ ತೋಟದ ಆಚೆ: ಅಗಸ್ಟೀನ್ ಮತ್ತು ಇಗ್ನೇಷಿಯಸ್ ಕಂಡ ಚಾಳಿ

ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ಅಗಸ್ಟೀನನ ಮನಸ್ಸು ಕ್ರೈಸ್ತ ಧರ್ಮದತ್ತ ತಿರುಗಿತು. ಎಲ್ಲಿಂದಲೋ ಕೇಳಿಬಂದ ಮಗುವಿನ ದನಿ, ತೆರೆದು ಓದಿದ ಅಪೊಸ್ತಲ ಪೌಲನ ಪತ್ರ, ಕಣ್ಣೀರು: ಈ ಪ್ರಸಂಗ ಎಷ್ಟು ಪ್ರಸಿದ್ಧವೆಂದರೆ ಅವನ ಆತ್ಮಕಥನ ‘ಕನ್‌ಫೆಶನ್ಸ್’ ಅಲ್ಲಿಗೇ ಮುಗಿಯಿತೆಂಬಂತೆ ಅದನ್ನು ಓದುವವರಿದ್ದಾರೆ. ಆದರೆ ಇದು ಬರುವುದು ಹದಿಮೂರು ಭಾಗಗಳ ಪೈಕಿ ಎಂಟನೆಯದರಲ್ಲಿ. ಹಳೆಯ ಚಾಳಿಯನ್ನು ಕ್ರೈಸ್ತ ವಿಶ್ವಾಸಿ ದಿನದಿನವೂ ಹೇಗೆ ಎದುರಿಸುತ್ತಾನೆಂಬ ಪ್ರಶ್ನೆಗೆ ತೋಟಕ್ಕಿಂತ ಹತ್ತನೆಯ ಭಾಗವೇ ಹೆಚ್ಚು ಬೆಳಕು ಕೊಡುತ್ತದೆಂಬುದು ಈ ಲೇಖನದ ವಾದ.

ಚಾಳಿ ಹುಟ್ಟುವ ಬಗೆಯನ್ನು ಎಂಟನೆಯ ಭಾಗ ಬಿಡಿಸಿ ಹೇಳುತ್ತದೆ. ವಕ್ರವಾದ ಇಚ್ಛೆ ಲಾಲಸೆಯಾಗುತ್ತದೆ, ಲಾಲಸೆಗೆ ಮಣಿದಂತೆಲ್ಲ ಅದು ಚಾಳಿಯಾಗುತ್ತದೆ, ತಡೆಯದೆ ಬಿಟ್ಟ ಚಾಳಿ ಅನಿವಾರ್ಯತೆಯಾಗುತ್ತದೆ. ಒಂಬತ್ತನೆಯ ಭಾಗದಲ್ಲಿ ಇದಕ್ಕೊಂದು ಮನೆಯೊಳಗಿನ ಉದಾಹರಣೆಯೂ ಇದೆ. ಅಗಸ್ಟೀನನ ತಾಯಿ ಮೋನಿಕಾ ಬಾಲ್ಯದಲ್ಲಿ ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋದಾಗ ತುಟಿಗೆ ತಗುಲುವಷ್ಟು ಹೀರುತ್ತಿದ್ದಳು. ಅದು ಬೆಳೆದು ಲೋಟ ತುಂಬ ಕುಡಿಯುವವರೆಗೆ ಹೋಯಿತು. ಆಕೆಯನ್ನು ಬಿಡಿಸಿದ್ದು ಯಾವ ಉಪದೇಶವೂ ಅಲ್ಲ, ಜಗಳದಲ್ಲಿ ದಾಸಿಯೊಬ್ಬಳು ಎಸೆದ ಚುಚ್ಚುಮಾತು. ಆ ದಾಸಿಯ ಸಿಟ್ಟನ್ನೇ ದೇವರು ಮದ್ದಾಗಿ ಬಳಸಿದನೆಂದು ಮಗ ಬರೆಯುತ್ತಾನೆ.

ಹತ್ತನೆಯ ಭಾಗ ಬರೆಯುವ ಹೊತ್ತಿಗೆ ತೋಟದ ಘಟನೆ ನಡೆದು ಹತ್ತು ವರ್ಷ ದಾಟಿದೆ. ಅಗಸ್ಟೀನ್ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದಾನೆ. ಇಲ್ಲಿ ಅವನು ನಿವೇದಿಸುವುದು ಗತಕಾಲದ ಪಾಪಗಳನ್ನಲ್ಲ, ಈಗಲೂ ತನ್ನಲ್ಲಿ ಉಳಿದಿರುವುದನ್ನು. ಎಚ್ಚರದಲ್ಲಿ ಸೋತರೂ ಸ್ಮೃತಿಯಲ್ಲಿ ಉಳಿದ ಕಾಮದ ಚಿತ್ರಗಳು ಕನಸಿನಲ್ಲಿ ಬಲ ಪಡೆಯುತ್ತವೆ. ಊಟದಲ್ಲಿ ಹಸಿವು ತೀರಿ ರುಚಿಯಾಸೆ ಶುರುವಾಗುವ ಗೆರೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ನಾಯಿ ಮೊಲವನ್ನು ಅಟ್ಟುವುದನ್ನು ನೋಡಲು ಅವನು ಈಗ ಕ್ರೀಡಾಂಗಣಕ್ಕೆ ಹೋಗುವುದಿಲ್ಲ; ಹಾದಿಯಲ್ಲಿ ಅದೇ ದೃಶ್ಯ ಎದುರಾದರೆ ಮನಸ್ಸು ಹಿಂದೆಯೇ ಓಡುತ್ತದೆ. ಮನೆಯಲ್ಲಿ ಹಲ್ಲಿ ನೊಣ ಹಿಡಿಯುತ್ತಿದ್ದರೂ ಸಾಕು, ಧ್ಯಾನ ಕದಡುತ್ತದೆ. ಜನರನ್ನು ತಿದ್ದಬೇಕಾದ ಧರ್ಮಾಧಿಕಾರಿಯೊಬ್ಬ ತನ್ನ ಬಗ್ಗೆ ಇಷ್ಟು ಸಣ್ಣ ಸಂಗತಿಗಳನ್ನು ಬರೆದಿಡುವುದು, ನನ್ನ ಮಟ್ಟಿಗೆ, ತೋಟದ ಕಣ್ಣೀರಿಗಿಂತ ದೊಡ್ಡ ಧೈರ್ಯ.

ಚಾಳಿ ಸ್ಮೃತಿಯಲ್ಲಿ ಬದುಕಿರುವುದರಿಂದ ಒಮ್ಮೆ ಗೆದ್ದವನೂ ನಾಳೆ ಮತ್ತೆ ಬೇಡಬೇಕು. ಹಾಗಾಗಿಯೇ ಈ ಭಾಗದಲ್ಲಿ ಮರುಕಳಿಸುವ ಪ್ರಾರ್ಥನೆ: ದೇವರು ಆಜ್ಞಾಪಿಸಿದ್ದನ್ನು ನಡೆಸುವ ಶಕ್ತಿಯನ್ನೂ ಅವನೇ ಕೊಡಲಿ. ರೋಮ್‌ನಲ್ಲಿ ಈ ಮಾತು ಕೇಳಿ ಪೆಲಾಜಿಯಸ್ ಎಂಬ ಧರ್ಮಬೋಧಕ ಕೆರಳಿದನೆಂದು ಅಗಸ್ಟೀನನೇ ಮುಂದೆ ದಾಖಲಿಸಿದ್ದಾನೆ. ಗಮನಿಸಬೇಕಾದದ್ದೆಂದರೆ, ಡಿಮೆಟ್ರಿಯಾಸ್ ಎಂಬ ಯುವತಿಗೆ ಬರೆದ ಪತ್ರದಲ್ಲಿ ಪೆಲಾಜಿಯಸನೂ ದೀರ್ಘಕಾಲದ ಪಾಪದ ರೂಢಿ ಸ್ವಭಾವದಷ್ಟೇ ಬಲಶಾಲಿಯಾಗುತ್ತದೆಂದು ಒಪ್ಪುತ್ತಾನೆ. ಚಾಳಿಯ ಬಲದ ಬಗ್ಗೆ ಇಬ್ಬರಿಗೂ ತಕರಾರಿಲ್ಲ; ಅದನ್ನು ಮುರಿಯುವುದು ದೇವರ ಕೃಪೆಯೋ ಮನುಷ್ಯನ ಸ್ವಂತ ಪ್ರಯತ್ನವೋ ಎಂಬಲ್ಲಿ ದಾರಿ ಬೇರೆಯಾಗುತ್ತದೆ.

ಈ ದಿನನಿತ್ಯದ ಬೇಡಿಕೆಗೆ ವೇಳಾಪಟ್ಟಿ ಹಾಕಿಕೊಟ್ಟವನು ಜೆಸ್ಯೂಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ. 1548ರಲ್ಲಿ ಪೋಪ್ ಮೂರನೆಯ ಪೌಲನ ಅನುಮೋದನೆ ಪಡೆದ ‘ಸ್ಪಿರಿಚುಯಲ್ ಎಕ್ಸರ್ಸೈಸಸ್’ ಕೃತಿಯಲ್ಲಿ ಅವನು ಹೇಳುವ ಆತ್ಮಪರೀಕ್ಷೆ ಒಂದು ಸಲಕ್ಕೆ ಒಂದೇ ದೋಷವನ್ನು ಗುರಿಯಾಗಿಸುತ್ತದೆ. ಬೆಳಿಗ್ಗೆ ಏಳುತ್ತಲೇ ಸಂಕಲ್ಪ. ಮಧ್ಯಾಹ್ನದ ಊಟದ ನಂತರ ಮತ್ತು ರಾತ್ರಿಯೂಟದ ನಂತರ ಎಷ್ಟು ಸಲ ಜಾರಿದೆನೆಂಬ ಲೆಕ್ಕ, ಜಾರಿದ್ದಕ್ಕೆಲ್ಲ ಗೆರೆಯ ಮೇಲೊಂದು ಚುಕ್ಕಿ. ತಪ್ಪಿದ ಕ್ಷಣದಲ್ಲಿ ಎದೆಗೆ ಕೈಯಿಡಬೇಕು. ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಅದನ್ನು ಮಾಡಬಹುದೆಂದು ಆತ ಸೂಚಿಸುತ್ತಾನೆ.

ಮೇಲ್ನೋಟಕ್ಕೆ ಇದು ಪೆಲಾಜಿಯಸ್ ಮೆಚ್ಚುವ ಲೆಕ್ಕಪುಸ್ತಕ. ಆದರೆ ಎಣಿಕೆಗೆ ಮೊದಲು ಕೃಪೆಯನ್ನು ಬೇಡಬೇಕೆಂಬ ನಿಯಮವಿದೆ: ತಿದ್ದಿಕೊಳ್ಳಲು ಮಾತ್ರವಲ್ಲ, ಎಷ್ಟು ಸಲ ಬಿದ್ದೆನೆಂದು ನೆನಪಿಸಿಕೊಳ್ಳಲೂ. ಇನ್ನು ಎಣಿಕೆಯೇ ಗೀಳಾಗುವ ಅಪಾಯ ಇಗ್ನೇಷಿಯಸನಿಗೆ ಅನುಭವದಿಂದ ಗೊತ್ತಿತ್ತು. ಸ್ಪೇನಿನ ಮನ್ರೇಸಾದಲ್ಲಿದ್ದಾಗ ಯಾವುದೋ ಪಾಪವನ್ನು ಪಾದ್ರಿಗೆ ನಿವೇದಿಸದೆ ಬಿಟ್ಟೆನೆಂಬ ಶಂಕೆ ಅವನನ್ನು ಆತ್ಮಹತ್ಯೆಯ ಯೋಚನೆಯವರೆಗೂ ಕೊಂಡೊಯ್ದಿತ್ತು. ಕಳೆದುಹೋದ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿರ್ಧರಿಸಿದ ಮೇಲೆಯೇ ಬಿಡುಗಡೆ. ಒಂದೇ ದೋಷ, ಅದೂ ಆ ದಿನದ್ದು ಮಾತ್ರ ಎಂಬ ಮಿತಿಯ ಹಿಂದೆ ಈ ಸಂಕಟವೂ ಇದ್ದಿರಬೇಕೆಂದು ನನಗನ್ನಿಸುತ್ತದೆ.